ಅಣಬೆಯ ಬಹುಶರ್ಕರ: ಬೇರ್ಪಡಿಸುವ ವಿಧಾನ ಮತ್ತು ರಚನೆಯ ಪರೀಕ್ಷೆ

ಅಣಬೆಯ ಪುಡಿ ಹಾಗೂ ಸಾರಗಳ ವ್ಯಾಪಾರದಲ್ಲಿ 'ಪಾಲಿಸ್ಯಾಕರೈಡ್ ಶೇಕಡಾ ಇಷ್ಟು' ಎಂಬ ನಮೂದಿಗೆ ಹೆಚ್ಚಿನ ಬೆಲೆಯಿದೆ. ಆದರೆ ಪಿಷ್ಟವೂ ಪಾಲಿಸ್ಯಾಕರೈಡ್, ಅಂದರೆ ಬಹುಶರ್ಕರವೇ. ಈ ಒಂದು ಅಂಕಿಯನ್ನೇ ನಂಬಿದ ಖರೀದಿದಾರನು ಧಾನ್ಯದ ಹಿಟ್ಟಿಗೆ ಅಣಬೆಯ ಬೆಲೆ ತೆತ್ತಂತಾಗಬಹುದು.

ಬೇರ್ಪಡಿಸುವ ಹಂತಗಳು

ಶಿಟಾಕೆ ಅಣಬೆಯ 'ಲೆಂಟಿನಾನ್' ಇದಕ್ಕೆ ಉತ್ತಮ ನಿದರ್ಶನ. ಜಪಾನಿನ ಗೋರೋ ಚಿಹಾರಾ ಮತ್ತು ಸಂಗಡಿಗರು ಇದರ ಕುರಿತ ಸಂಶೋಧನೆಯನ್ನು 1969ರಲ್ಲಿ ಪ್ರಕಟಿಸಿದರು. ಇಂತಹ ಬಹುಶರ್ಕರವನ್ನು ಪಡೆಯಲು ಅಣಬೆಯನ್ನು ಬಿಸಿನೀರಿನಲ್ಲಿ ಕುದಿಸಿ, ಸೋಸಿ, ದ್ರಾವಣವನ್ನು ಸಾಂದ್ರಗೊಳಿಸಲಾಗುತ್ತದೆ. ಎಥನಾಲ್ ಬೆರೆಸಿದಾಗ ಬಹುಶರ್ಕರಗಳು ಗಷ್ಟಾಗಿ ತಳ ಸೇರುತ್ತವೆ. ಇದರಲ್ಲಿನ ಪ್ರೋಟೀನನ್ನು ಕ್ಲೋರೋಫಾರ್ಮ್-ಬ್ಯೂಟನಾಲ್ ಮಿಶ್ರಣದಿಂದಲೂ, ಲವಣ ಮುಂತಾದ ಸಣ್ಣ ಅಣುಗಳನ್ನು ಡಯಾಲಿಸಿಸ್‌ನಿಂದಲೂ ತೆಗೆಯಬಹುದು. ಕೊನೆಗೆ ವಿದ್ಯುದಾವೇಶ ಮತ್ತು ಅಣುಗಾತ್ರಕ್ಕೆ ಅನುಗುಣವಾಗಿ ಕ್ರೊಮಟೋಗ್ರಫಿ ಸ್ತಂಭಗಳಲ್ಲಿ ಬೇರ್ಪಡಿಸಲಾಗುತ್ತದೆ.

ರಚನೆಯ ನಿರ್ಧಾರ

ಶುದ್ಧ ಲೆಂಟಿನಾನನ್ನು ಆಮ್ಲದಿಂದ ಪೂರ್ಣವಾಗಿ ಒಡೆದಾಗ ಗ್ಲೂಕೋಸ್ ಮಾತ್ರ ದೊರೆಯುತ್ತದೆ. ಪಿಷ್ಟವನ್ನು ಒಡೆದರೂ ದೊರೆಯುವುದು ಗ್ಲೂಕೋಸೇ. ವ್ಯತ್ಯಾಸವಿರುವುದು ಜೋಡಣೆಯಲ್ಲಿ. ಮೆಥಿಲೀಕರಣ ವಿಧಾನದಲ್ಲಿ ಅಣುವಿನ ಬಂಧರಹಿತ ಸ್ಥಾನಗಳಿಗೆ ಗುರುತು ಹಾಕಿ, ಬಳಿಕ ಅದನ್ನು ಒಡೆದು, ಕೊಂಡಿಗಳಿದ್ದ ಸ್ಥಾನಗಳನ್ನು ಅರಿಯಲಾಗುತ್ತದೆ. ಅವರಕ್ತ ವರ್ಣಪಟಲದ 890ರ ಸಮೀಪದ ಗೆರೆ ಬೀಟಾ ಬಂಧವನ್ನು ಸೂಚಿಸಿದರೆ, ಎನ್‌ಎಂಆರ್ ಪರೀಕ್ಷೆ ಅದನ್ನು ದೃಢಪಡಿಸುತ್ತದೆ. ಲೆಂಟಿನಾನ್‌ನ ಮುಖ್ಯ ಸರಪಣಿ ಬೀಟಾ-1,3 ಬಂಧಗಳದ್ದು. ಪ್ರತಿ 5 ಗ್ಲೂಕೋಸ್ ಘಟಕಗಳಿಗೆ 2 ಕವಲುಗಳು 6ನೆಯ ಸ್ಥಾನದಲ್ಲಿವೆ. ಪಿಷ್ಟದ ಮುಖ್ಯ ಬಂಧ ಆಲ್ಫಾ-1,4.

ಖರೀದಿದಾರರ ಗಮನಕ್ಕೆ

ರೂಢಿಯ ಫೀನಾಲ್-ಸಲ್ಫ್ಯೂರಿಕ್ ಆಮ್ಲ ಪರೀಕ್ಷೆ ಎಲ್ಲ ಶರ್ಕರಗಳನ್ನೂ ಒಟ್ಟಾಗಿ ಎಣಿಸುತ್ತದೆ. ಧಾನ್ಯದ ಮೇಲೆ ಬೆಳೆಸಿದ ಕವಕಜಾಲವನ್ನು ಧಾನ್ಯಸಹಿತ ಪುಡಿಮಾಡಿದ್ದರೆ ಅಂಕಿ ಹಿಗ್ಗುವುದು ಸಹಜ. ಅಯೋಡಿನ್ ಹಾಕಿದಾಗ ಕಡುನೀಲಿ ಬಣ್ಣ ಬಂದರೆ ಪಿಷ್ಟವಿದೆ ಎಂದರ್ಥ. ಆದರೆ ಮಾಲ್ಟೋಡೆಕ್ಸ್‌ಟ್ರಿನ್ ಬೆರೆತಿದ್ದರೆ ನೀಲಿ ಬಣ್ಣ ಬಾರದಿರಬಹುದು. ಆದುದರಿಂದ ಕಿಣ್ವವಿಧಾನದಿಂದ ಒಟ್ಟು ಗ್ಲೂಕಾನ್ ಹಾಗೂ ಆಲ್ಫಾ-ಗ್ಲೂಕಾನ್‌ಗಳನ್ನು ಪ್ರತ್ಯೇಕವಾಗಿ ಅಳೆದು, ಮೊದಲನೆಯದರಿಂದ ಎರಡನೆಯದನ್ನು ಕಳೆದು ಬೀಟಾ-ಗ್ಲೂಕಾನ್ ಪ್ರಮಾಣ ತಿಳಿಯುವುದು ಸೂಕ್ತ. ಕರಾರುಪತ್ರದಲ್ಲಿ ಈ ಪ್ರಮಾಣಗಳು, ಪರೀಕ್ಷಾ ವಿಧಾನ, ಮತ್ತು ಕಚ್ಚಾವಸ್ತು ಅಣಬೆಯೋ ಕವಕಜಾಲವೋ ಎಂಬುದು ಸ್ಪಷ್ಟವಾಗಿರಬೇಕು.

ಜಪಾನಿನಲ್ಲಿ 1985ರಲ್ಲಿ ಲೆಂಟಿನಾನ್‌ಗೆ ಅನುಮತಿ ದೊರೆತದ್ದು ಜಠರದ ಕ್ಯಾನ್ಸರಿಗೆ, ಕಿಮೊಥೆರಪಿಯ ಜೊತೆಗೆ ನೀಡುವ ಚುಚ್ಚುಮದ್ದಾಗಿ. ಆ ಹೆಸರನ್ನು ಆಹಾರದ ಪುಡಿಯ ಚೀಟಿಗೆ ಅಂಟಿಸುವುದು ವ್ಯಾಪಾರಧರ್ಮವಲ್ಲ.