ಪೌರತ್ವದ ಅಳತೆಗೋಲು

ವಲಸೆ ಬಂದವರಿಂದಲೇ ಬೆಳೆದ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ‘ಅಮೆರಿಕನ್ನರು ಯಾರು?’ ಎಂಬ ಪ್ರಶ್ನೆ ಮತ್ತೆ ಮತ್ತೆ ತಲೆಯೆತ್ತಿದೆ. 1790ರ ಕಾನೂನು, ಹೊರಗಿನಿಂದ ಬಂದವರಲ್ಲಿ ಸ್ವತಂತ್ರರಾದ ಬಿಳಿಯರಿಗೆ ಮಾತ್ರ ಪೌರತ್ವವನ್ನು ನೀಡಿತ್ತು. 1870ರಲ್ಲಿ ಆಫ್ರಿಕ ಮೂಲದವರಿಗೂ ಆ ಹಕ್ಕು ದೊರೆಯಿತು. ಏಷ್ಯದವರ ಮಾತೇ ಅದರಲ್ಲಿರಲಿಲ್ಲ.

ಪಂಜಾಬಿನ ಭಗತ್ ಸಿಂಗ್ ಥಿಂಡ್ 1913ರಲ್ಲಿ ಅಲ್ಲಿಗೆ ಹೋದರು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯವನ್ನು ಸೇರಿದರು. ಸಿಖ್ ಧರ್ಮದ ಕುರುಹಾದ ಪೇಟವನ್ನು ಬಿಡದೆಯೇ ಸಮವಸ್ತ್ರವನ್ನು ಧರಿಸಿದರು. ಧರ್ಮನಿಷ್ಠೆಯೂ ದೇಶನಿಷ್ಠೆಯೂ ಒಬ್ಬರಲ್ಲಿಯೇ ನೆಲಸಬಲ್ಲವು ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ? ಆದರೂ 1923ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು, ಅವರು ‘ಬಿಳಿಯರು’ ಅಲ್ಲವೆಂದು ತೀರ್ಪಿತ್ತಿತು. 1920ರಲ್ಲಿ ಪಡೆದಿದ್ದ ಪೌರತ್ವವು ಕೈತಪ್ಪಿತು. ಅದೇ ತೀರ್ಪಿನಿಂದ ಇನ್ನೂ ಹಲವು ಭಾರತೀಯರು ಪೌರತ್ವವನ್ನು ಕಳೆದುಕೊಂಡರು.

ಮಹಾಯುದ್ಧದ ಸೈನಿಕರಿಗಾಗಿ ಮಾಡಿದ ಕಾನೂನಿನಿಂದ 1936ರಲ್ಲಿ ಥಿಂಡ್ ಮತ್ತೆ ಪೌರರಾದರು. 1946ರಲ್ಲಿ ಇತರ ಭಾರತೀಯರಿಗೂ ಪೌರತ್ವದ ಬಾಗಿಲು ತೆರೆಯಿತು. ಹತ್ತೇ ವರ್ಷಗಳಲ್ಲಿ, ಪಂಜಾಬಿನವರೇ ಆದ ದಲೀಪ್ ಸಿಂಗ್ ಸೌಂದ್ ಅಮೆರಿಕದ ಕಾಂಗ್ರೆಸ್ಸಿಗೆ ಚುನಾಯಿತರಾದರು.

ವಲಸೆಯನ್ನು ಕುರಿತ ವಾದವಿವಾದ ಅಲ್ಲಿ ಇಂದಿಗೂ ನಿಂತಿಲ್ಲ. ಮೈಬಣ್ಣ ಹುಟ್ಟಿನಿಂದ ಬರುವಂಥದು. ನಿಷ್ಠೆ ನಡತೆಯಿಂದ ತಿಳಿಯುವಂಥದು. ರಾಷ್ಟ್ರವು ತನ್ನವರನ್ನು ಯಾವುದರಿಂದ ಅಳೆಯಬೇಕು? ಥಿಂಡ್ ಅವರ ಬಾಳು ನಮ್ಮ ಮುಂದಿಡುವ ಪ್ರಶ್ನೆ ಇದೇ.