ಹಳೆಯ ಲಾರಿಯ ಇಂಜಿನ್ ದುರಸ್ತಿಯೂ ಹೊಗೆ ಶುದ್ಧಿಯ ಉಪಕರಣಗಳೂ

ಕಬ್ಬಿನ ಹಂಗಾಮು ಮುಗಿದೊಡನೆ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಎಷ್ಟೋ ಲಾರಿಗಳು ಇಂಜಿನ್ ಬಿಚ್ಚಿಸಿಕೊಳ್ಳಲು ಗ್ಯಾರೇಜು ಸೇರುವವು. ಹೊಗೆಯ ಸಾಮಾನುಗಳನ್ನು ಕಿತ್ತುಹಾಕಿದರೆ ಗಾಡಿಯು ಚೆನ್ನಾಗಿ ಎಳೆಯುವದು, ಡೀಸೆಲ್ಲೂ ಉಳಿಯುವದು ಎಂಬ ಸಲಹೆಯು ಆಗ ಮಾಲಕರ ಕಿವಿಗೆ ಬೀಳುವದುಂಟು. ಲಾರಿಯುಳ್ಳ ಜಮೀನುದಾರರೂ, ಊರವರಿಗೆ ಬುದ್ಧಿ ಹೇಳಬೇಕಾದ ಗ್ರಾಮಮುಖಂಡರೂ ಇದರ ನಿಜಸ್ಥಿತಿಯನ್ನು ತಿಳಿದಿರುವದು ಅವಶ್ಯವು.

ಯಾವ ಲಾರಿಯಲ್ಲಿ ಏನಿರುವದು?— ಭಾರತ್ ಸ್ಟೇಜ್ ನಾಲ್ಕರ ನಿಯಮಗಳು 2017ರ ಏಪ್ರಿಲ್ 1ರಿಂದಲೂ, ಆರರ ನಿಯಮಗಳು 2020ರ ಏಪ್ರಿಲ್ 1ರಿಂದಲೂ ದೇಶದಾದ್ಯಂತ ಜಾರಿಗೆ ಬಂದವು. ಅದಕ್ಕೂ ಹಿಂದಿನ ಭಾರಿ ಲಾರಿಗಳಲ್ಲಿ ಕಿತ್ತುಹಾಕತಕ್ಕಂಥ ಸಾಮಾನು ಬಹುತೇಕ ಇಲ್ಲವೇ ಇಲ್ಲ. ಅವುಗಳ ಕಪ್ಪು ಹೊಗೆಗೆ ಸವೆದ ನಾಜಲ್, ಹೊಂದಿಕೆ ತಪ್ಪಿದ ಪಂಪು, ಕಟ್ಟಿಕೊಂಡ ಗಾಳಿಯ ಫಿಲ್ಟರು ಇವೇ ಸಾಮಾನ್ಯ ಕಾರಣಗಳು. ನಾಲ್ಕನೆಯ ಸ್ಟೇಜಿನ ಭಾರಿ ಲಾರಿಗಳಲ್ಲಿ ಇ.ಜಿ.ಆರ್. ಅಥವಾ ಎಸ್.ಸಿ.ಆರ್. ವ್ಯವಸ್ಥೆಯಿರುವದು. ಆರನೆಯ ಸ್ಟೇಜಿನಲ್ಲಿ ಮಸಿಯನ್ನು ಹಿಡಿಯುವ ಡಿ.ಪಿ.ಎಫ್. ಫಿಲ್ಟರೂ ಸೇರಿತು. ಇ.ಜಿ.ಆರ್. ಹೊಗೆಯ ಒಂದು ಪಾಲನ್ನು ತಂಪುಗೊಳಿಸಿ ಇಂಜಿನ್ನಿಗೆ ಮರಳಿಸುವದು; ಇದರಿಂದ ಉರಿಯ ಉಷ್ಣತೆಯಿಳಿದು ಸಾರಜನಕದ ಆಕ್ಸೈಡುಗಳು ಕಡಿಮೆಯಾಗುವವು. ಎಸ್.ಸಿ.ಆರ್. ಯೂರಿಯಾ ದ್ರಾವಣದ ಬಲದಿಂದ ಅದೇ ವಾಯುಗಳನ್ನು ಸಾರಜನಕವಾಗಿಯೂ ನೀರಾಗಿಯೂ ಮಾರ್ಪಡಿಸುವದು.

ಒಕ್ಕಲುತನಕ್ಕೆ ಇದರ ಸಂಬಂಧವೇನು?— ಸದರಿ ಆಕ್ಸೈಡುಗಳು ಬಿಸಿಲಿನಲ್ಲಿ ಇತರ ಆವಿಗಳೊಡನೆ ಕೂಡಿ ನೆಲಮಟ್ಟದಲ್ಲಿ ಓಜೋನನ್ನು ಹುಟ್ಟಿಸುವವು. ಅದು ಎಲೆಯ ರಂಧ್ರಗಳೊಳಗೆ ಹೊಕ್ಕು ಗೋದಿ, ಸೋಯಾ ಮೊದಲಾದ ಬೆಳೆಗಳ ಇಳುವರಿಯನ್ನು ತಗ್ಗಿಸುವದು. ಡೀಸೆಲ್ ಹೊಗೆಯು ಮನುಷ್ಯರಲ್ಲಿ ಕ್ಯಾನ್ಸರನ್ನುಂಟುಮಾಡುವದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2012ರಲ್ಲಿ ನಿರ್ಣಯಿಸಿತು. ಕಾರ್ಖಾನೆಯ ಮುಂದೆ ಪಾಳಿ ಕಾಯುವ ಚಾಲಕರೂ, ಹೇರು ತುಂಬುವ ಕೂಲಿಗಳೂ, ಅವರ ಮಕ್ಕಳೂ ಈ ಹೊಗೆಯನ್ನು ಎಲ್ಲರಿಗಿಂತ ಮೊದಲು ಕುಡಿಯುವರು.

ಎಳೆತ ಕುಂದುವದೇಕೆ?— ಮಸಿ ಕಟ್ಟಿದ ಇ.ಜಿ.ಆರ್. ವಾಲ್ವಾಗಲಿ ಫಿಲ್ಟರಾಗಲಿ ಗಾಡಿಯ ಬಲವನ್ನು ಕುಗ್ಗಿಸುವದು ನಿಜವೇ. ಆದರೆ ಮಸಿಯು ರೋಗದ ಲಕ್ಷಣವೇ ಹೊರತು ರೋಗವಲ್ಲ. ರಿಂಗುಗಳು ಸವೆದು ಎಣ್ಣೆ ಉರಿಯುವದು, ಟರ್ಬೋದ ಸೀಲು ಸೋರುವದು, ನಾಜಲ್ ಹದಗೆಡುವದು ಇವೇ ಮೂಲಗಳು. ಉಪಕರಣವನ್ನು ಕಿತ್ತರೆ ಈ ದೋಷಗಳು ಹಾಗೆಯೇ ಉಳಿಯುವವು. ಮೇಲಾಗಿ ಹೊಸ ಇಂಜಿನ್ನಿನ ಕಂಪ್ಯೂಟರು ಕೊರತೆಯನ್ನರಿತು ತಾನೇ ಬಲವನ್ನು ಇಳಿಸುವದು. ಅದನ್ನೂ ಮೋಸಗೊಳಿಸಹೋದರೆ ಮುಂದೆ ನಿಜವಾದ ಕೆಡುಕಿನ ಎಚ್ಚರಿಕೆಯೂ ಮಾಲಕನಿಗೆ ದೊರೆಯದೆ ಹೋದೀತು.

ಬಿಚ್ಚಿ ಕಟ್ಟುವಾಗ ಈ ಕ್ರಮವನ್ನನುಸರಿಸತಕ್ಕದ್ದು:

1. ರಿಂಗು, ಲೈನರ್, ವಾಲ್ವು ಗೈಡುಗಳನ್ನು ಸರಿಪಡಿಸಿ, ನಾಜಲ್‌ಗಳನ್ನು ಪರೀಕ್ಷಿಸಬೇಕು. ಟರ್ಬೋದ ಸೀಲನ್ನೂ ನೋಡಬೇಕು.

2. ಇ.ಜಿ.ಆರ್. ವಾಲ್ವನ್ನೂ ಗಾಳಿಯ ಹಾದಿಯನ್ನೂ ಮಸಿ ತೆಗೆದು ತೊಳೆಯಬೇಕು. ಕೂಲರಿನಲ್ಲಿ ನೀರು ಸೋರುವದೋ ಎಂಬದನ್ನು ಒತ್ತಡ ಹಾಕಿ ಪರೀಕ್ಷಿಸಬೇಕು.

3. ಡಿ.ಪಿ.ಎಫ್. ಇದ್ದಲ್ಲಿ ಅದನ್ನು ತಿಳಿದವರಿಂದ ಶುದ್ಧಮಾಡಿಸಿ, ತಯಾರಕರು ಹೇಳಿದ, ಬೂದಿ ಕಡಿಮೆಯುಳ್ಳ ಎಣ್ಣೆಯನ್ನೇ ಹಾಕಬೇಕು.

4. ಎಸ್.ಸಿ.ಆರ್. ತೊಟ್ಟಿಗೆ ಶೇಕಡಾ 32.5ರಷ್ಟು ಶುದ್ಧ ಯೂರಿಯಾ ಇರುವ ದ್ರಾವಣವನ್ನೇ ತುಂಬಬೇಕು. ಗೊಬ್ಬರದ ಚೀಲದ ಯೂರಿಯಾವನ್ನು ನೀರಿನಲ್ಲಿ ಕರಗಿಸಿ ಹಾಕಲೇಬಾರದು. ಅದರ ಬೇವಿನ ಎಣ್ಣೆಯ ಲೇಪವೂ ಕಲ್ಮಷಗಳೂ ಯಂತ್ರವನ್ನು ಕೆಡಿಸುವವು. ಬೆಳೆಗೆಂದು ಬಂದ ಗೊಬ್ಬರವನ್ನು ಬೇರೆಡೆಗೆ ತಿರುಗಿಸುವದು 1985ರ ರಸಗೊಬ್ಬರ ನಿಯಂತ್ರಣ ಆಜ್ಞೆಗೂ ವಿರುದ್ಧವಾದದ್ದು.

ಕಾಯದೆ— 1988ರ ಮೋಟಾರು ವಾಹನ ಕಾಯದೆಯ 52ನೆಯ ಕಲಮಿನಂತೆ, ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸ ಬರುವಂತೆ ಗಾಡಿಯನ್ನು ಬದಲಿಸಲು ಮಾಲಕನಿಗೆ ಅಧಿಕಾರವಿಲ್ಲ. ವಾಯುಮಾಲಿನ್ಯದ ನಿಯಮಗಳನ್ನು ಮೀರಿದ ಗಾಡಿಯನ್ನು ಓಡಿಸಿದರೆ ಅಥವಾ ಓಡಿಸಲು ಬಿಟ್ಟರೆ, 2019ರ ತಿದ್ದುಪಡಿಯ ಪ್ರಕಾರ 10,000 ರೂಪಾಯಿಯವರೆಗೆ ದಂಡ, ಮೂರು ತಿಂಗಳವರೆಗೆ ಸೆರೆವಾಸ, ಇಲ್ಲವೆ ಎರಡೂ ಆಗಬಹುದು. ಹೊಗೆಯ ತಪಾಸಣೆಯಲ್ಲಿ ಗಾಡಿಯು ತೇರ್ಗಡೆಯಾಯಿತೆಂದು ಸಮಾಧಾನಪಡುವದೂ ಸಲ್ಲದು. ಡೀಸೆಲ್ ಗಾಡಿಯ ಆ ತಪಾಸಣೆಯು ಹೊಗೆಯ ಕಪ್ಪನ್ನು ಅಳೆಯುವದೇ ಹೊರತು ಕಣ್ಣಿಗೆ ಕಾಣದ ಆಕ್ಸೈಡುಗಳನ್ನಲ್ಲ.

ಆದಕಾರಣ ಗ್ಯಾರೇಜಿಗೆ ಗಾಡಿ ಬಿಡುವ ಮುಂಚೆಯೇ, ಯಾವ ಉಪಕರಣವನ್ನೂ ತೆಗೆಯಕೂಡದೆಂದು ಮೇಸ್ತ್ರಿಗೆ ಸ್ಪಷ್ಟವಾಗಿ ತಿಳಿಸಿ, ಕೆಲಸದ ಪಟ್ಟಿಯನ್ನು ಬರೆಯಿಸಿಕೊಳ್ಳುವದು ಲೇಸು. ಮುಖಂಡರು ತಮ್ಮ ಗಾಡಿಗಳಿಂದಲೇ ಈ ಪದ್ಧತಿಯನ್ನು ಆರಂಭಿಸಿದಲ್ಲಿ ಊರಿನ ಉಳಿದವರೂ ಅದನ್ನು ಅನುಸರಿಸುವರು.