ಡಯಾಲಿಸಿಸ್ ರೋಗಿಗಳ ಮೈ ತುರಿಕೆ



ಮೂತ್ರಪಿಂಡ ಕೆಟ್ಟು ಡಯಾಲಿಸಿಸ್ ಮಾಡಿಸಿಕೊಳ್ಳುವವರು ಬೀದರ ನಗರದಲ್ಲಿ ಮಾತ್ರವಲ್ಲ, ಭಾಲ್ಕಿ, ಔರಾದ ಕಡೆಯ ಹಳ್ಳಿಗಳಲ್ಲಿಯೂ ಇದ್ದಾರೆ. ಇವರಲ್ಲಿ ಅನೇಕರಿಗೆ ರಾತ್ರಿ ನಿದ್ದೆಗೆಡಿಸುವುದು ಮೈ ತುರಿಕೆ. ಮೈಮೇಲೆ ಗುಳ್ಳೆ ಇರುವುದಿಲ್ಲ. ಕೆರೆದ ಗೆರೆಗಳು ಮಾತ್ರ. ಮನೆಯವರು ಕಜ್ಜಿಯೆಂದು ತಿಳಿದು ಹಾಸಿಗೆ, ತಂಬಿಗೆ ಬೇರೆ ಮಾಡುವುದುಂಟು. ಇದು ಅಂಟುರೋಗವಲ್ಲ. ಆದರೆ ಮನೆಯ ಉಳಿದವರಿಗೂ ತುರಿಕೆ ಹತ್ತಿ, ಬೆರಳ ಸಂದಿಯಲ್ಲಿ ಗುಳ್ಳೆ ಕಂಡರೆ ಕಜ್ಜಿಯೇ ಇರಬಹುದು; ವೈದ್ಯರಿಗೆ ತೋರಿಸಿರಿ.

12 ದೇಶಗಳ 18,000ಕ್ಕೂ ಮಿಕ್ಕಿದ ರೋಗಿಗಳನ್ನು ವಿಚಾರಿಸಿದ ವರದಿಯೊಂದು 2006ರಲ್ಲಿ ಪ್ರಕಟವಾಯಿತು. ಅದರಲ್ಲಿ 100ಕ್ಕೆ ಸುಮಾರು 42 ಮಂದಿಗೆ ಈ ಬಾಧೆ ತಕ್ಕಮಟ್ಟಿಗೆ ಅಥವಾ ತೀವ್ರವಾಗಿತ್ತು.

ಕಾರಣ ಒಂದೇ ಅಲ್ಲ. ಯಂತ್ರವು ಸಾಮಾನ್ಯವಾಗಿ ವಾರಕ್ಕೆ 3 ಸಲ, ಸಲಕ್ಕೆ 4 ಗಂಟೆ ರಕ್ತವನ್ನು ಶುದ್ಧಿಮಾಡಬೇಕು. ಬಿತ್ತನೆಯ ಹಂಗಾಮಿನಲ್ಲಿ, ಕಬ್ಬಿನ ಕಟಾವಿನಲ್ಲಿ, ಜೊತೆಗೆ ಹೋಗುವವರಿಲ್ಲವೆಂದು ಪಾಳಿ ತಪ್ಪಿಸಿದರೆ ಕಲ್ಮಷ ಉಳಿದು ತುರಿಕೆ ಹೆಚ್ಚೀತು. ಅದಕ್ಕಿಂತ ದೊಡ್ಡ ಅಪಾಯ ಜೀವಕ್ಕೇ ಇದೆ. 2016ರಲ್ಲಿ ಸಾರಿದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಲ್ಲಿ ಬಡ ಕುಟುಂಬಗಳಿಗೆ ಈ ಸೇವೆ ಉಚಿತ. ಹತ್ತಿರದ ಸರಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿರಿ.

ಇನ್ನೊಂದು ಕಾರಣ ರಂಜಕ. ಡಿ.ಎ.ಪಿ. ಚೀಲದಲ್ಲಿ ನೀವು ಕೊಳ್ಳುವ ರಂಜಕವೇ ಅನ್ನಾಹಾರದಲ್ಲಿಯೂ ಇದೆ. ಮೂತ್ರಪಿಂಡ ಸೋತರೆ ಅದು ರಕ್ತದಲ್ಲಿ ಕೂಡುತ್ತದೆ. ಯಂತ್ರ ತೆಗೆಯುವುದು ಒಂದು ಪಾಲು ಮಾತ್ರ. ಕಪ್ಪು ನೆಲದಲ್ಲಿ ಸುಣ್ಣದ ಅಂಶವು ರಂಜಕವನ್ನು ಹಿಡಿದುಕೊಂಡು ಬೆಳೆಗೆ ಬಿಡದೆಂಬುದನ್ನು ನೀವು ಬಲ್ಲಿರಿ. ಹೊಲದಲ್ಲಿ ನಷ್ಟ ಮಾಡುವ ಈ ಗುಣವೇ ಹೊಟ್ಟೆಯಲ್ಲಿ ಉಪಕಾರಿ. ವೈದ್ಯರು ಕೊಡುವ ಕೆಲವು ಗುಳಿಗೆಗಳಲ್ಲಿ ಸುಣ್ಣದ ಅಂಶವಿದ್ದು, ಊಟದ ರಂಜಕವನ್ನು ಹಿಡಿದು ಮಲದಲ್ಲಿ ಕಳಿಸುತ್ತದೆ. ಆದ್ದರಿಂದ ಈ ಗುಳಿಗೆಯನ್ನು ಊಟದ ಜೊತೆಗೇ ನುಂಗಬೇಕು. ಬರಿ ಹೊಟ್ಟೆಯಲ್ಲಿ ನುಂಗಿದರೆ ಹಿಡಿಯಲು ಅಲ್ಲಿ ರಂಜಕವೇ ಇರದು. ಹಾಗೆಂದು ಎಲೆಗೆ ಹಚ್ಚುವ ಸುಣ್ಣ ತಿನ್ನಬೇಡಿರಿ! ರಕ್ತದಲ್ಲಿ ಸುಣ್ಣದ ಅಂಶ ಮಿತಿಮೀರಿದರೂ ತುರಿಕೆ ಬರುತ್ತದೆ.

ಖೋವಾ, ಪೇಡೆ, ಕಪ್ಪು ಬಣ್ಣದ ಬಾಟಲಿ ಪಾನೀಯ, ಪೊಟ್ಟಣದ ತಿನಿಸು ಇವನ್ನು ಕಡಿಮೆ ಮಾಡಿರಿ. ತೊಗರಿ, ಹೆಸರು ಬೇಳೆಯಲ್ಲಿಯೂ ರಂಜಕವುಂಟು, ಆದರೆ ಅದೆಲ್ಲವೂ ಮೈಗೆ ಹತ್ತುವುದಿಲ್ಲ. ಡಯಾಲಿಸಿಸ್ ರೋಗಿಗೆ ಸಸಾರಜನಕವೂ ಬೇಕಾದ್ದರಿಂದ ವೈದ್ಯರನ್ನು ಕೇಳದೆ ಬೇಳೆ ಬಿಡಬಾರದು.

ಚರ್ಮ ಒಣಗುವುದೂ ಒಂದು ಕಾರಣ. ನಮ್ಮ ಕಡೆಯ ಚಳಿಗಾಲದ ಒಣ ಗಾಳಿಯಲ್ಲಿ ಇದು ಹೆಚ್ಚು. ಸುಡುನೀರು ಬೇಡ, ಉಗುರು ಬೆಚ್ಚಗಿನ ನೀರು ಸಾಕು. ಮೈ ಹಸಿ ಇರುವಾಗಲೇ ಕೊಬ್ಬರಿ ಎಣ್ಣೆ ಅಥವಾ ವ್ಯಾಸಲೀನ್ ಸವರಿರಿ. ಉಗುರು ಕತ್ತರಿಸಿರಿ.

ಸಾಮಾನ್ಯ ತುರಿಕೆಯ ಗುಳಿಗೆ ಇದಕ್ಕೆ ಅಷ್ಟಾಗಿ ನಾಟದು, ತೂಕಡಿಕೆ ಬಂದೀತು. ಬೇರೆ ಔಷಧಗಳಿವೆ, ಆದರೆ ಮೂತ್ರಪಿಂಡ ಕೆಲಸ ಮಾಡದವರಿಗೆ ಪ್ರಮಾಣ ಬಹಳ ಕಡಿಮೆ, ಅದನ್ನು ವೈದ್ಯರೇ ಗೊತ್ತುಮಾಡಬೇಕು. ತುರಿಕೆ ಯಾವ ಹೊತ್ತಿಗೆ, ಎಲ್ಲಿ, ಪಾಳಿಯ ಮೊದಲೋ ಆಮೇಲೋ ಎಂದು ಒಂದು ವಾರ ಚೀಟಿಯಲ್ಲಿ ಬರೆದಿಟ್ಟು ಮುಂದಿನ ಪಾಳಿಗೆ ಒಯ್ಯಿರಿ.